ಕನ್ನಡಿಯ ಮುಂದೆ ನಿಂತ ಹುಡುಗ



ನವೆಂಬರ್ ತಿಂಗಳ 2ನೇ ದಿನ, ಸಕಲ ಮೃತರ ಸ್ಮರಣೆಯಂದು, ಬಲಿಪೂಜೆ ಮುಗಿಸಿಕೊಂಡು ಸಮಾಧಿಭೂಮಿಗೆ ಹೋಗುವ ಪದ್ಧತಿ ನಿಮ್ಮ ಧರ್ಮಕೇಂದ್ರದಲ್ಲಿರುವಂತೆ ನಮ್ಮಲ್ಲಿಯೂ ಇದೆ. ಹಿಂದಿನ ದಿನವೇ ಹುಲ್ಲು ಕಿತ್ತು, ಶಿಲುಬೆಗಳಿಗೆ ಸುಣ್ಣ ಬಳಿದು ಇಟ್ಟಿರುತ್ತೇವೆ. ಮರುದಿನ ಸೇವಂತಿಗೆ ಹೂ ಇರಿಸಿ, ಮೇಣದ ಬತ್ತಿ ಹಚ್ಚಿ, ಅಗಲಿದವರಿಗಾಗಿ ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಹೇಳಿಕೊಂಡು ಮನೆಗೆ ಮರಳುತ್ತೇವೆ. ಕಳೆದ ಬಾರಿ ಹಾಗೆ ಮರಳುವಾಗ ಗೇಟಿನ ಬಳಿ ಹಿರಿಯ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು.

"ಮೇಷ್ಟ್ರೇ, ನೀವು ಇಷ್ಟು ವರ್ಷ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಟ್ಟವರು. ನನ್ನ ಮೊಮ್ಮಗ ಆ ಹ್ಯಾರಿ ಪಾಟರ್ ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಏಳುವುದಿಲ್ಲ. ಮಾಟ ಮಂತ್ರದ ಕಥೆಯಂತೆ. ಓದಬಹುದೋ ಬಾರದೋ, ನೀವೇ ಒಂದು ಮಾತು ಹೇಳಿಬಿಡಿ."

"ಬರೆದು ತಿಳಿಸುತ್ತೇನೆ ಅಮ್ಮ" ಎಂದೆ. ಒಂದು ಮಾತಿನ ಉತ್ತರಕ್ಕೆ ಬರೆಯುವುದು ಏತಕ್ಕೆ ಎಂದು ಆಕೆ ನಕ್ಕರು. ಅವರ ನಗೆ ಸಹಜವೇ ಆಗಿತ್ತು. ಆದರೆ ಅದೇ ಪ್ರಶ್ನೆಗೆ ನಾನು ಹಿಂದೊಮ್ಮೆ ಒಂದೇ ಮಾತಿನಲ್ಲಿ ಉತ್ತರ ಕೊಟ್ಟಿದ್ದೆ. ಆ ಉತ್ತರದ ಭಾರ ನನ್ನ ಮನಸ್ಸಿನಿಂದ ಇನ್ನೂ ಇಳಿದಿಲ್ಲ. ಆದುದರಿಂದ ಈ ಬಾರಿ ತುಸು ಸಾವಕಾಶವಾಗಿ, ನಿಮ್ಮೆಲ್ಲರ ಎದುರಿನಲ್ಲಿ, ಹೇಳಬೇಕೆಂದಿದ್ದೇನೆ.

2004ನೇ ಇಸವಿಯ ಮಾತು. ಆಗ ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದೆ; ಸಂಜೆಯ ಹೊತ್ತು ಹುಡುಗರ ವಸತಿನಿಲಯದಲ್ಲಿ ಓದಿನ ಮೇಲ್ವಿಚಾರಣೆಯೂ ನನ್ನ ಪಾಲಿಗೆ ಬಂದಿತ್ತು. ಅಲ್ಲಿ ಎಂಟನೆಯ ತರಗತಿಯ ಒಬ್ಬ ಹುಡುಗನಿದ್ದ. ತಂದೆ ಅವನ ಎಳವೆಯಲ್ಲೇ ತೀರಿಕೊಂಡಿದ್ದರು. ತಾಯಿ ತೋಟದ ಕೂಲಿ ಮಾಡಿ ಸಾಕುತ್ತಿದ್ದವರು, ಆ ವರ್ಷದ ಮಳೆಗಾಲದಲ್ಲಿ ಕಾಯಿಲೆಯಿಂದ ಕಣ್ಣುಮುಚ್ಚಿದರು. ದೂರದ ಸೋದರಮಾವನೊಬ್ಬನನ್ನು ಬಿಟ್ಟರೆ ಅವನಿಗೆ ಬೇರೆ ಯಾರೂ ಇರಲಿಲ್ಲ. ಹುಡುಗ ಹೆಚ್ಚು ಮಾತನಾಡುವವನಲ್ಲ; ತಂಟೆ ಮಾಡುವವನೂ ಅಲ್ಲ. ಇಂತಹ ಮಕ್ಕಳನ್ನು ನಾವು "ಒಳ್ಳೆಯ ಹುಡುಗ" ಎಂದು ಹೊಗಳಿ ಮರೆತುಬಿಡುತ್ತೇವೆ.

ಆಗಮನ ಕಾಲದ ಒಂದು ಸಂಜೆ ಅವನು ಪಠ್ಯಪುಸ್ತಕದ ಒಳಗೆ ಇನ್ನೊಂದು ಪುಸ್ತಕವನ್ನು ಇರಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದುತ್ತಿರುವುದನ್ನು ಕಂಡೆ. ಊರಿನ ಸಹಪಾಠಿಯೊಬ್ಬನಿಂದ ಎರವಲು ತಂದ ಇಂಗ್ಲಿಷ್ ಕಥೆ ಪುಸ್ತಕ. ಹ್ಯಾರಿ ಪಾಟರ್ ಮಾಲಿಕೆಯ ಮೊದಲನೆಯದು. ಪುಸ್ತಕ ಕೈಗೆ ಬಂದು ಒಂದು ತಿಂಗಳಾಗಿತ್ತಂತೆ. ಅಷ್ಟು ನಿಧಾನವಾಗಿ, ನಿಘಂಟು ನೋಡಿಕೊಂಡು, ಅವನು ಹನ್ನೆರಡನೆಯ ಅಧ್ಯಾಯದವರೆಗೆ ಬಂದಿದ್ದ. ಆ ದಿನಗಳಲ್ಲಿ ಈ ಪುಸ್ತಕ ಮಕ್ಕಳನ್ನು ಮಾಟದ ಕಡೆಗೆ ಸೆಳೆಯುತ್ತದೆಂಬ ಮಾತು ನನ್ನ ಕಿವಿಗೂ ಬಿದ್ದಿತ್ತು. ನಾನು ಅದರ ಒಂದು ಪುಟವನ್ನೂ ತೆರೆದು ನೋಡಿದವನಲ್ಲ. ಆದರೂ ಕೈನೀಡಿ ಪುಸ್ತಕ ಕಸಿದುಕೊಂಡೆ.

ಅವನು ಎದುರಾಡಲಿಲ್ಲ. "ಸಾರ್, ಆ ಕನ್ನಡಿಯ ಅಧ್ಯಾಯ ಒಂದನ್ನು ಮುಗಿಸಿ ಕೊಟ್ಟುಬಿಡಲೇ?" ಎಂದು ಕೇಳಿದ, ಅಷ್ಟೇ.

"ಬೇಡ" ಎಂದೆ. ಇದೇ ಆ ಒಂದು ಮಾತಿನ ಉತ್ತರ.

ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕ್ರಿಸ್ಮಸ್ ರಜೆಗೆ ಮುನ್ನ ಅದರ ಒಡೆಯನಾದ ಹುಡುಗನನ್ನು ಕರೆದು, ನಾಲ್ಕು ಬುದ್ಧಿಮಾತುಗಳೊಡನೆ ಹಿಂದಿರುಗಿಸಿದೆ. ಒಂದು ಆತ್ಮವನ್ನು ಅಪಾಯದಿಂದ ಪಾರುಮಾಡಿದೆನೆಂಬ ಸಮಾಧಾನವೂ ನನಗಿತ್ತು. ರಜೆಗೆ ಎಲ್ಲ ಮಕ್ಕಳೂ ತಮ್ಮ ತಮ್ಮ ಊರಿಗೆ ಹೊರಟರು. ಸೋದರಮಾವ ಬರಲಿಲ್ಲವಾಗಿ ಈ ಹುಡುಗ ವಸತಿನಿಲಯದಲ್ಲೇ ಉಳಿದ. ನನ್ನ ಮನೆ ಅಲ್ಲಿಂದ ಎರಡು ಫರ್ಲಾಂಗು ದೂರದಲ್ಲಿತ್ತು. ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲಿ ಅವನನ್ನು ಕಂಡೆ, ತಲೆ ಸವರಿ "ಹಬ್ಬದ ಶುಭಾಶಯ" ಎಂದೆ, ಹೆಂಡತಿ ಮಕ್ಕಳೊಡನೆ ಮನೆಗೆ ಹೋದೆ.

ಈ ಪ್ರಸಂಗವನ್ನು ನಾನು ಮರೆತೇಬಿಟ್ಟಿದ್ದೆ. ಮತ್ತೆ ನೆನಪಾದದ್ದು 2012ರ ಬೇಸಿಗೆಯಲ್ಲಿ. ರಜೆಗೆ ಬಂದ ನನ್ನ ತಂಗಿಯ ಮೊಮ್ಮಗಳು ಅದೇ ಪುಸ್ತಕವನ್ನು ತಂದಿದ್ದಳು. ಅವಳಿಗೆ ಜ್ವರ ಬಂದು ಮಲಗಿದಾಗ, "ಅಜ್ಜ, ನೀವೇ ಓದಿ ಹೇಳಿ" ಎಂದು ಹಟ ಹಿಡಿದಳು. ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ಮೂರನೆಯ ದಿನ ಹನ್ನೆರಡನೆಯ ಅಧ್ಯಾಯಕ್ಕೆ ಬಂದೆವು. ಅದನ್ನು ಓದುತ್ತಾ ಓದುತ್ತಾ ನನ್ನ ಗಂಟಲು ಕಟ್ಟಿತು. "ಯಾಕಜ್ಜ ನಿಲ್ಲಿಸಿದಿರಿ?" ಎಂದು ಮಗು ಕೇಳಿತು.

ಕಥೆಯನ್ನು ಅರಿಯದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. ಬ್ರಿಟನ್ನಿನ ಲೇಖಕಿ ಜೆ. ಕೆ. ರೌಲಿಂಗ್ ಅವರ ಈ ಮೊದಲ ಪುಸ್ತಕ ಪ್ರಕಟವಾದದ್ದು 1997ರ ಜೂನ್ 26ರಂದು. ಗಟ್ಟಿ ರಟ್ಟಿನ ಮೊದಲ ಮುದ್ರಣ ಕೇವಲ 500 ಪ್ರತಿಗಳು. ಏಳನೆಯ ಮತ್ತು ಕೊನೆಯ ಪುಸ್ತಕ 2007ರಲ್ಲಿ ಬಂತು. ಕಥಾನಾಯಕ ಹ್ಯಾರಿ ಒಂದು ವರ್ಷದ ಕೂಸಾಗಿದ್ದಾಗಲೇ ತಂದೆತಾಯಿಗಳನ್ನು ಕಳೆದುಕೊಂಡವನು. ಚಿಕ್ಕಮ್ಮನೋ ದೊಡ್ಡಮ್ಮನೋ ಆದ ತಾಯಿಯ ಸೋದರಿಯ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಯಾರಿಗೂ ಬೇಡವಾಗಿ ಬೆಳೆಯುತ್ತಾನೆ. ಹನ್ನೊಂದು ತುಂಬಿದಾಗ ಮಾಯಾವಿದ್ಯೆಯ ಶಾಲೆಯೊಂದಕ್ಕೆ ಸೇರುತ್ತಾನೆ. ಆ ಶಾಲೆಯ ನೆಲಮಾಳಿಗೆಯಲ್ಲಿ ಒಂದು ಪರುಷಮಣಿಯನ್ನು ಅಡಗಿಸಿ ಇಟ್ಟಿರುತ್ತಾರೆ. ಲೋಹವನ್ನು ಚಿನ್ನವಾಗಿಸುವ, ಸಾವನ್ನು ದೂರವಿಡುವ ರಸವನ್ನು ಕೊಡುವ ಕಲ್ಲು ಅದು. ಹ್ಯಾರಿಯ ತಂದೆತಾಯಿಯನ್ನು ಕೊಂದ ವಾಲ್ಡೆಮಾರ್ಟ್ ಎಂಬ ದುಷ್ಟ ಅದನ್ನು ದೋಚಲು ಹವಣಿಸುತ್ತಾನೆ. ಹೊರಗಿನ ಕಥೆ ಇಷ್ಟು.

ಹನ್ನೆರಡನೆಯ ಅಧ್ಯಾಯ ನಡೆಯುವುದು ಕ್ರಿಸ್ಮಸ್ ರಜೆಯಲ್ಲಿ. ಮಕ್ಕಳಲ್ಲಿ ಬಹುತೇಕರು ಊರಿಗೆ ಹೋಗಿದ್ದಾರೆ. ಹೋಗಲು ಮನಸ್ಸಾಗುವಂತಹ ಮನೆಯೇ ಇಲ್ಲದ ಹ್ಯಾರಿ ಶಾಲೆಯಲ್ಲಿ ಉಳಿದಿದ್ದಾನೆ. ಆ ರಾತ್ರಿ ಅವನಿಗೆ ಹಳೆಯ ಕೋಣೆಯೊಂದರಲ್ಲಿ ದೊಡ್ಡ ಕನ್ನಡಿಯೊಂದು ಕಾಣಿಸುತ್ತದೆ. ಅದು ಎದುರು ನಿಂತವರ ಹೃದಯದ ಅತ್ಯಂತ ಆಳವಾದ ಬಯಕೆಯನ್ನು ತೋರಿಸುವ ಕನ್ನಡಿ. ಹ್ಯಾರಿಗೆ ಅದರಲ್ಲಿ ಚಿನ್ನವಾಗಲೀ ಕೀರ್ತಿಯಾಗಲೀ ಕಾಣುವುದಿಲ್ಲ. ತನ್ನ ಹಿಂದೆ ನಿಂತು, ತನ್ನನ್ನು ನೋಡಿ ಮುಗುಳ್ನಗುತ್ತಾ ಕಣ್ಣೀರು ಸುರಿಸುತ್ತಿರುವ ತಾಯಿ, ಪಕ್ಕದಲ್ಲಿ ತಂದೆ. ನೆನಪು ಬಂದಂದಿನಿಂದ ಅವನು ಅವರನ್ನು ಕಾಣುವುದು ಅದೇ ಮೊದಲು.

ಓದುಗರೇ, ನನ್ನ ವಸತಿನಿಲಯದ ಹುಡುಗ ಮುಗಿಸಿ ಕೊಡುತ್ತೇನೆಂದು ಬೇಡಿಕೊಂಡ ಅಧ್ಯಾಯ ಇದು. ತಾಯಿ ಸತ್ತು ಐದು ತಿಂಗಳಾಗಿದ್ದ ಹುಡುಗ, ಕ್ರಿಸ್ಮಸ್ಸಿಗೆ ಹೋಗಲು ಮನೆಯಿಲ್ಲದ ಹುಡುಗ, ನಿಘಂಟಿನ ಸಹಾಯದಿಂದ ಸಾಲು ಸಾಲಾಗಿ ಅಲ್ಲಿಯವರೆಗೆ ನಡೆದು ಬಂದಿದ್ದ. ಅವನು ಹುಡುಕುತ್ತಿದ್ದುದು ಮಾಟವನ್ನಲ್ಲ. ತನ್ನಂತಹ ಇನ್ನೊಬ್ಬನನ್ನು. ಅವನ ಕೈಯಿಂದ ಪುಸ್ತಕವನ್ನು ಕಸಿದದ್ದಕ್ಕಿಂತಲೂ, ಯಾತಕ್ಕಾಗಿ ಓದುತ್ತಿದ್ದೀಯ ಮಗು ಎಂದು ಒಂದು ಮಾತು ಕೇಳದೆ ಹೋದದ್ದು ನನ್ನ ದೊಡ್ಡ ತಪ್ಪು.

ಅವನು ಓದದೆ ಉಳಿದ ಭಾಗದಲ್ಲಿ ಇನ್ನೂ ಒಂದು ಮಾತಿದೆ. ಹ್ಯಾರಿ ಮತ್ತೆ ಮತ್ತೆ ಆ ಕನ್ನಡಿಯ ಮುಂದೆ ಹೋಗಿ ಕೂರುತ್ತಾನೆ. ಊಟ, ಆಟ ಯಾವುದೂ ಬೇಡವಾಗುತ್ತದೆ. ಮೂರನೆಯ ರಾತ್ರಿ ಶಾಲೆಯ ಮುಖ್ಯಸ್ಥರಾದ ವೃದ್ಧ ಡಂಬಲ್‌ಡೋರ್ ಅಲ್ಲಿಗೆ ಬರುತ್ತಾರೆ. ಗದರಿಸುವುದಿಲ್ಲ. ಅವನ ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಈ ಕನ್ನಡಿ ಜ್ಞಾನವನ್ನೂ ಕೊಡದು, ಸತ್ಯವನ್ನೂ ಕೊಡದು. ಇದರ ಮುಂದೆಯೇ ಬಾಳು ಸವೆಸಿದವರಿದ್ದಾರೆ. ನಾಳೆ ಇದು ಬೇರೆಡೆಗೆ ಹೋಗುತ್ತದೆ, ನೀನು ಹುಡುಕಿಕೊಂಡು ಹೋಗಬೇಡ ಎಂದು ತಿಳಿಹೇಳುತ್ತಾರೆ. ಅವರೂ ಬೇಡವೆಂದೇ ಹೇಳಿದರು, ನಾನೂ ಬೇಡವೆಂದೇ ಹೇಳಿದೆ. ಆದರೆ ಅವರು ಮೊದಲು ಮಗುವಿನ ಪಕ್ಕದಲ್ಲಿ ಕುಳಿತಿದ್ದರು.

ಈ ಅಧ್ಯಾಯಕ್ಕೆ ಇಷ್ಟು ಸತ್ಯದ ಬಲ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಲೇಖಕಿ ಈ ಕಥೆಯನ್ನು ಬರೆಯತೊಡಗಿದ್ದು 1990ರಲ್ಲಿ. ಅದೇ ವರ್ಷದ ಡಿಸೆಂಬರ್ 30ರಂದು ಅವರ ತಾಯಿ, ನರಗಳನ್ನು ಕುಗ್ಗಿಸುವ ದೀರ್ಘಕಾಲದ ಕಾಯಿಲೆಯಿಂದ, 45ನೇ ವಯಸ್ಸಿನಲ್ಲಿ ತೀರಿಕೊಂಡರು. ತಾನು ಇಂತಹದೊಂದು ಕಥೆ ಬರೆಯುತ್ತಿದ್ದೇನೆಂದು ಮಗಳು ತಾಯಿಗೆ ಹೇಳಿಯೇ ಇರಲಿಲ್ಲ. ಆ ಸಾವಿನ ನಂತರ ಹ್ಯಾರಿಯ ದುಃಖ ತನಗೆ ಹೆಚ್ಚು ನಿಜವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ.

ಇನ್ನು ಪರುಷಮಣಿಯ ವಿಷಯ. ಕಬ್ಬಿಣ ಹೊನ್ನಾಗುವ ಪರುಷದ ಮಾತು ನಮ್ಮ ನಾಡಿನ ಭಕ್ತರಿಗೂ ಹೊಸದಲ್ಲ. ಕಥೆಯಲ್ಲಿ ಆ ಕಲ್ಲಿನ ಒಡೆಯನ ಹೆಸರು ನಿಕೊಲಾಸ್ ಫ್ಲಾಮೆಲ್. ಅವನಿಗೆ 665 ವರ್ಷ, ಅವನ ಹೆಂಡತಿಗೆ 658 ವರ್ಷ. ಇದು ಲೇಖಕಿಯ ಕಲ್ಪನೆಯೆಂದೇ ಭಾವಿಸಿದ್ದೆ. ಆದರೆ ಆ ಹೆಸರಿನ ಮನುಷ್ಯ ನಿಜವಾಗಿಯೂ ಬದುಕಿದ್ದ. ಪ್ಯಾರಿಸ್ ನಗರದಲ್ಲಿ ಹಸ್ತಪ್ರತಿಗಳನ್ನು ನಕಲು ಮಾಡಿಕೊಡುವ ಬರಹಗಾರ ಅವನು. ಪತ್ನಿ ಪೆರ್ನೆಲ್ ಎರಡು ಬಾರಿ ವಿಧವೆಯಾಗಿದ್ದವಳು, ಆಸ್ತಿವಂತೆ. ದಂಪತಿಗಳು ತಮ್ಮ ಗಳಿಕೆಯಿಂದ ದೇವಾಲಯಗಳಿಗೆ ಕೊಟ್ಟರು, ಬಡವರಿಗೆ ಕೊಟ್ಟರು. 1397ರಲ್ಲಿ ಪತ್ನಿ ತೀರಿಕೊಂಡ ಮೇಲೂ ಫ್ಲಾಮೆಲ್ ಅದನ್ನು ನಿಲ್ಲಿಸಲಿಲ್ಲ. 1407ರಲ್ಲಿ ಅವನು ಕಟ್ಟಿಸಿದ ಮನೆಯೊಂದು ಪ್ಯಾರಿಸ್ಸಿನ ಮೊಂಮೊರಾನ್ಸಿ ಬೀದಿಯಲ್ಲಿ ಇಂದಿಗೂ ನಿಂತಿದೆ. ಅಲ್ಲಿ ವಾಸಿಸುವ ಶ್ರಮಜೀವಿಗಳು ಮೃತರಾದ ಬಡ ಪಾಪಿಗಳಿಗಾಗಿ ದಿನಕ್ಕೊಂದು ಪರಲೋಕ ಮಂತ್ರವನ್ನೂ ಒಂದು ನಮೋ ಮರಿಯಾ ಜಪವನ್ನೂ ಹೇಳಬೇಕೆಂದು ಅದರ ಗೋಡೆಯ ಮೇಲೆ ಕೆತ್ತಲಾಗಿದೆ. ನಾವು ನವೆಂಬರಿನಲ್ಲಿ ಸಮಾಧಿಯ ಮುಂದೆ ಹೇಳುವ ಅದೇ ಎರಡು ಪ್ರಾರ್ಥನೆಗಳು!

ಫ್ಲಾಮೆಲ್ 1418ರಲ್ಲಿ, ಎಲ್ಲ ಮನುಷ್ಯರಂತೆ, ತೀರಿಕೊಂಡ. ಅವನ ಸಮಾಧಿಯ ಕಲ್ಲು ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದಲ್ಲಿದೆ. ಅವನು ರಸವಾದಿಯಾಗಿದ್ದ, ಪರುಷಮಣಿಯನ್ನು ಪಡೆದಿದ್ದ ಎಂಬ ಕಥೆ ಹರಡಿದ್ದು ಸುಮಾರು ಇನ್ನೂರು ವರ್ಷಗಳ ಬಳಿಕ, 1612ರಲ್ಲಿ ಅವನ ಹೆಸರಿನಲ್ಲಿ ಒಂದು ಪುಸ್ತಕ ಹೊರಬಂದ ಮೇಲೆ. ಒಬ್ಬ ಸಾಮಾನ್ಯ ಬರಹಗಾರ ಅಷ್ಟೊಂದು ದಾನ ಮಾಡಿದನೆಂದರೆ ಜನರಿಗೆ ನಂಬುವುದು ಕಷ್ಟವಾಯಿತೆಂದು ತೋರುತ್ತದೆ. ದುಡಿದದ್ದನ್ನು ಹಂಚಿ ಬಾಳಿದ ಎಂಬುದಕ್ಕಿಂತ, ಅವನಲ್ಲಿ ಮಾಯದ ಕಲ್ಲಿತ್ತು ಎಂಬುದು ಅವರಿಗೆ ಸುಲಭವಾಗಿ ಕಂಡಿತು. ನಾವೂ ಹಾಗೆಯೇ ಅಲ್ಲವೇ? ಪರರ ಮಕ್ಕಳನ್ನು ಮನೆಗೆ ತಂದು ಸಾಕಿದವರನ್ನು ಕಂಡರೆ "ಅವರಿಗೆ ಅನುಕೂಲವಿದೆ, ಮಾಡುತ್ತಾರೆ" ಎಂದುಬಿಡುತ್ತೇವೆ.

ಕಥೆಯ ಕೊನೆಯಲ್ಲಿ ಆ ಮಣಿ ಯಾರ ಕೈಗೆ ಬರುತ್ತದೆಂಬುದನ್ನು ಪೋಷಕರು ಗಮನಿಸಬೇಕು. ಅದನ್ನು ಬಳಸಿಕೊಳ್ಳುವ ಆಸೆಯಿಲ್ಲದೆ, ಕೆಟ್ಟವರ ಪಾಲಾಗದಂತೆ ಕಾಪಾಡಬೇಕೆಂದು ಮಾತ್ರ ಹುಡುಕುವವನಿಗೆ ಅದು ದೊರೆಯುವಂತೆ ಡಂಬಲ್‌ಡೋರ್ ಏರ್ಪಾಡು ಮಾಡಿರುತ್ತಾರೆ. ಚಿರಂಜೀವಿಯಾಗಬೇಕೆಂದು ಬಂದವನು ಕನ್ನಡಿಯಲ್ಲಿ ಅದನ್ನು ಕಾಣುತ್ತಾನೆ, ಆದರೆ ಮುಟ್ಟಲಾರ. ಏನನ್ನೂ ಬಯಸದ ಅನಾಥ ಹುಡುಗನ ಜೇಬಿಗೆ ಅದು ತಾನಾಗಿ ಬಂದು ಬೀಳುತ್ತದೆ. ಪ್ರಾಣವನ್ನು ಉಳಿಸಿಕೊಳ್ಳಲು ಹೊರಟವನು ಅದನ್ನು ಕಳೆದುಕೊಳ್ಳುತ್ತಾನೆಂದು ಪ್ರಭು ಹೇಳಿದ ಮಾತು (ಮತ್ತಾಯ 16:25) ನಿಮಗೆ ನೆನಪಾಗದಿರದು. ಕೊನೆಗೆ ಆ ಮಣಿಯನ್ನು ನಾಶಮಾಡಲಾಗುತ್ತದೆ. ಫ್ಲಾಮೆಲ್ ದಂಪತಿಗಳು ಶಾಂತಿಯಿಂದ ಮರಣಕ್ಕೆ ಸಿದ್ಧರಾಗುತ್ತಾರೆ. ಅವನನ್ನು ಮುಟ್ಟಲು ಬಂದ ಕೇಡಿನ ಕೈ ಸುಟ್ಟುಹೋಗುವುದೂ ಮಂತ್ರದ ಪಾಠದಿಂದಲ್ಲ. ಮಗುವನ್ನು ಉಳಿಸಲು ತಾಯಿ ತನ್ನ ಪ್ರಾಣ ಕೊಟ್ಟಿದ್ದಳು. ಆ ಪ್ರೀತಿಯೇ ಅವನಿಗೆ ರಕ್ಷೆಯಾಗಿ ಉಳಿದಿತ್ತು.

ಈ ಮಾಲಿಕೆಯಲ್ಲಿ ಇನ್ನೊಬ್ಬ ಅನಾಥನಿದ್ದಾನೆ. ಆರನೆಯ ಪುಸ್ತಕ ಓದಿದವರಿಗೆ ಗೊತ್ತು, ದುಷ್ಟನಾದ ವಾಲ್ಡೆಮಾರ್ಟ್ ಕೂಡ ಹುಟ್ಟಿದ ಗಳಿಗೆಯಲ್ಲೇ ತಾಯಿಯನ್ನು ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದವನು. ಜೊತೆಯ ಮಕ್ಕಳಿಂದ ಕದ್ದ ಸಣ್ಣಪುಟ್ಟ ಸಾಮಾನುಗಳನ್ನು ಪೆಟ್ಟಿಗೆಯಲ್ಲಿಟ್ಟು ತನ್ನ ಬೀರುವಿನಲ್ಲಿ ಅಡಗಿಸಿಕೊಂಡಿರುತ್ತಾನೆ. ಇಬ್ಬರೂ ಅನಾಥರು, ಇಬ್ಬರಲ್ಲೂ ಪ್ರತಿಭೆಯಿತ್ತು. ಅವರವರ ಆಯ್ಕೆ ಅವರವರದೇ. ಅನಾಥಾಲಯದಲ್ಲಿ ಬೆಳೆದ ಅದೆಷ್ಟೋ ಮಂದಿ ಸಜ್ಜನರಾಗಿ ಬಾಳುತ್ತಿರುವುದನ್ನು ನಾವೆಲ್ಲ ಬಲ್ಲೆವು. ಆದರೂ ಒಂದು ವ್ಯತ್ಯಾಸವನ್ನು ಲೇಖಕಿ ಕಾಣಿಸಿದ್ದಾರೆ. ಒಬ್ಬನಿಗೆ ಯಾರ ಪ್ರೀತಿಯ ನೆನಪೂ ಇರಲಿಲ್ಲ. ಇನ್ನೊಬ್ಬನಿಗೆ ತಾಯಿಯ ತ್ಯಾಗದ ಆಸರೆಯಿತ್ತು. ಮುಂದೆ ಗೆಳೆಯನ ಮನೆಯೂ ದೊರೆಯಿತು.

ಆ ಗೆಳೆಯನ ತಾಯಿಯ ಬಗ್ಗೆ ಹೇಳದೆ ಮುಂದುವರಿಯಲಾರೆ. ಏಳು ಮಕ್ಕಳ ತಾಯಿ, ಮನೆಯಲ್ಲಿ ಬಡತನ. ಹ್ಯಾರಿಯನ್ನು ಒಮ್ಮೆ ರೈಲು ನಿಲ್ದಾಣದಲ್ಲಿ ಕಂಡದ್ದು ಬಿಟ್ಟರೆ ಪರಿಚಯವೂ ಇಲ್ಲ. ಆ ಹುಡುಗ ಕ್ರಿಸ್ಮಸ್ಸಿಗೆ ಉಡುಗೊರೆಯನ್ನು ನಿರೀಕ್ಷಿಸುತ್ತಿಲ್ಲವೆಂದು ಮಗನ ಪತ್ರದಿಂದ ತಿಳಿದು, ತನ್ನ ಮಕ್ಕಳಿಗೆ ಹೆಣೆದಂತೆಯೇ ಅವನಿಗೂ ಒಂದು ಉಣ್ಣೆಯ ಸ್ವೆಟರ್ ಹೆಣೆದು, ಮನೆಯಲ್ಲಿ ಮಾಡಿದ ಸಿಹಿಯೊಂದಿಗೆ ಕಳುಹಿಸುತ್ತಾಳೆ. ಅದೇ ದಿನ ಹ್ಯಾರಿಗೆ ಮನುಷ್ಯರನ್ನು ಅದೃಶ್ಯರನ್ನಾಗಿಸುವ ಮಾಯದ ಮೇಲಂಗಿಯೂ ದೊರೆಯುತ್ತದೆ. ಓದುವ ಮಕ್ಕಳೆಲ್ಲ ಆ ಮೇಲಂಗಿಗೆ ಮರುಳಾಗುತ್ತಾರೆ. ನನ್ನ ವಯಸ್ಸಿನವನ ಕಣ್ಣಿಗೆ ಬಿದ್ದದ್ದು ಸ್ವೆಟರ್. ಯಾವ ಮಂತ್ರವೂ ಬೇಡ. ಸ್ವಲ್ಪ ಉಣ್ಣೆ, ಎರಡು ಕಡ್ಡಿ, ಕೆಲವು ಸಂಜೆಗಳು ಸಾಕು.

"ಇದೆಲ್ಲ ಸರಿ, ಧರ್ಮಸಭೆ ಏನು ಹೇಳುತ್ತದೆ?" ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಮಾಟ, ಮಂತ್ರವಾದ, ಭವಿಷ್ಯ ಕೇಳುವುದು ಇವು ದೇವರ ಮೇಲಿನ ಭರವಸೆಗೆ ವಿರುದ್ಧವೆಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ (2116, 2117) ಸ್ಪಷ್ಟವಾಗಿ ಬೋಧಿಸುತ್ತದೆ. ಅದರಲ್ಲಿ ಸಡಿಲಿಕೆಯಿಲ್ಲ. ಆದರೆ ಈ ಕಥೆಪುಸ್ತಕಗಳ ವಿಷಯದಲ್ಲಿ ಹಿರಿಯರ ಅಭಿಪ್ರಾಯ ಒಂದೇ ಆಗಿರಲಿಲ್ಲ. 2003ರಲ್ಲಿ ವ್ಯಾಟಿಕನ್ನಿನ ಪತ್ರಿಕಾಗೋಷ್ಠಿಯೊಂದರಲ್ಲಿ ಪೀಟರ್ ಫ್ಲೀಟ್‌ವುಡ್ ಎಂಬ ಗುರುಗಳು, ಇವು ಒಳಿತು ಕೆಡುಕುಗಳ ಹೋರಾಟವನ್ನು ಮಕ್ಕಳಿಗೆ ತಿಳಿಸುವ ಕಥೆಗಳೆಂದು, ಆತಂಕ ಬೇಡವೆಂದು ಹೇಳಿದರು. ಅದೇ ವರ್ಷ ಕಾರ್ಡಿನಲ್ ರಾಟ್ಸಿಂಗರ್, ಮುಂದೆ 16ನೇ ಬೆನೆಡಿಕ್ಟ್ ಜಗದ್ಗುರುಗಳಾದವರು, ಲೇಖಕಿಯೊಬ್ಬರಿಗೆ ಬರೆದ ಪತ್ರದಲ್ಲಿ, ಇಂತಹ ಕಥೆಗಳ ಸೂಕ್ಷ್ಮವಾದ ಸೆಳೆತ ಎಳೆಯರ ವಿಶ್ವಾಸ ಬೇರೂರುವ ಮುನ್ನವೇ ಅದನ್ನು ಕದಡಬಹುದೆಂದು ಎಚ್ಚರಿಸಿದರು. 2008ರಲ್ಲಿ ವ್ಯಾಟಿಕನ್ನಿನ ದಿನಪತ್ರಿಕೆ ಪರವಾಗಿ ಒಂದು, ವಿರೋಧವಾಗಿ ಒಂದು ಲೇಖನವನ್ನು ಪ್ರಕಟಿಸಿತು. ಹೀಗಿರುವಾಗ ಹೆತ್ತವರ ವಿವೇಕಕ್ಕೆ ಇಲ್ಲಿ ಕೆಲಸವಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ಆ ಎಚ್ಚರಿಕೆಯ ಮಾತನ್ನು ನಾನು ಹಗುರವಾಗಿ ಕಾಣುವುದಿಲ್ಲ. ಪ್ರಾರ್ಥನೆಗೂ ಮಂತ್ರಕ್ಕೂ ಇರುವ ಭೇದವನ್ನು ಮಗುವಿಗೆ ಹೇಳಿಕೊಡಬೇಕು. ಮಂತ್ರ ಹಾಕುವವನು ಶಕ್ತಿಯನ್ನು ತನ್ನ ಇಚ್ಛೆಗೆ ಬಗ್ಗಿಸಲು ನೋಡುತ್ತಾನೆ. ಪ್ರಾರ್ಥಿಸುವವನು ತನ್ನನ್ನೇ ತಂದೆಯ ಚಿತ್ತಕ್ಕೆ ಒಪ್ಪಿಸುತ್ತಾನೆ. ಕಥೆಯ ಆಟ ಮೀರಿ ಮಗು ನಿಜವಾಗಿ ಮಾಟದಲ್ಲಿ ಆಸಕ್ತಿ ತೋರಿದರೆ ತಡೆಯಬೇಕು. ಆದರೆ ಅದೆಲ್ಲ ತಿಳಿಯಬೇಕಾದರೆ ನಾವು ಮಗುವಿನ ಪಕ್ಕದಲ್ಲಿ ಕುಳಿತಿರಬೇಕು. ಬೀರುವಿನ ಬೀಗದ ಕೈ ಹಿಡಿದು ನಿಂತವನಿಗೆ ಅದು ತಿಳಿಯದು.

ಏಳನೆಯ ಪುಸ್ತಕದಲ್ಲಿ ಹ್ಯಾರಿ ಬೆಳೆದು ದೊಡ್ಡವನಾಗಿ, ಕ್ರಿಸ್ಮಸ್ಸಿನ ಹಿಂದಿನ ರಾತ್ರಿ, ಹಿಮ ಬಿದ್ದ ಚರ್ಚಿನ ಸಮಾಧಿಭೂಮಿಯಲ್ಲಿ ತಂದೆತಾಯಿಯ ಸಮಾಧಿಯನ್ನು ಮೊದಲ ಬಾರಿಗೆ ಕಾಣುತ್ತಾನೆ. ಆ ಕಲ್ಲಿನ ಮೇಲೆ ಲೇಖಕಿ ಕೆತ್ತಿಸಿರುವುದು, ಕೊನೆಯದಾಗಿ ನಾಶವಾಗುವ ಶತ್ರು ಮರಣವೆಂಬ ಸಂತ ಪೌಲರ ವಾಕ್ಯ (1 ಕೊರಿಂಥ 15:26). ಅದೇ ಭೂಮಿಯ ಇನ್ನೊಂದು ಸಮಾಧಿಯ ಮೇಲೆ, ನಿಧಿ ಇದ್ದಲ್ಲೇ ಹೃದಯವೂ ಇರುವುದೆಂಬ ಪ್ರಭುವಿನ ಮಾತು (ಮತ್ತಾಯ 6:21). ಇವೆರಡು ವಾಕ್ಯಗಳು ಇಡೀ ಮಾಲಿಕೆಯ ಸಾರವೆನ್ನಬಹುದೆಂದು ಲೇಖಕಿ 2007ರಲ್ಲಿ ಹೇಳಿದ್ದರು. ಕನ್ನಡಿಯ ಮುಂದೆ ಕುಳಿತಿದ್ದ ಬಾಲಕ ಈಗ ಸಮಾಧಿಯ ಮುಂದೆ, ಗೆಳತಿಯ ಕೈ ಹಿಡಿದು ನಿಂತಿದ್ದಾನೆ. ನವೆಂಬರಿನಲ್ಲಿ ನಾವೂ ಹಾಗೆಯೇ ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತೇವೆ. ನಮ್ಮ ತಾಯಿತಂದೆಯರ ಬಿಂಬವನ್ನು ತೋರಿಸುವ ಕನ್ನಡಿ ನಮಗೆ ಬೇಡ. ಅವರು ದೇವರಲ್ಲಿ ಜೀವಿಸುತ್ತಾರೆಂಬ ನಂಬಿಕೆ ನಮಗುಂಟು.

ನನ್ನ ಹುಡುಗನ ವಿಷಯಕ್ಕೆ ಬರುತ್ತೇನೆ. 2019ರಲ್ಲಿ ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬಕ್ಕೆ ಅವನು ಬಂದಿದ್ದ. ಎತ್ತರದ ಯುವಕ, ಜೊತೆಗೆ ಪತ್ನಿ, ಕಂಕುಳಲ್ಲಿ ಮಗು. ಗುರುತು ಹಿಡಿದು ಕಾಲಿಗೆ ನಮಸ್ಕರಿಸಲು ಬಂದವನನ್ನು ತಡೆದು, ದೇವಾಲಯದ ಹೊರಗಿನ ಕಟ್ಟೆಯ ಮೇಲೆ ಕುಳ್ಳಿರಿಸಿಕೊಂಡೆ. "ನಿನ್ನ ಪುಸ್ತಕವನ್ನು ಕಸಿದುಕೊಂಡೆ, ಮಗು. ಓದದೆಯೇ ಕಸಿದುಕೊಂಡೆ. ಅದು ತಪ್ಪಾಯಿತು" ಎಂದೆ.

ಅವನಿಗೆ ಸಂಕೋಚವಾಯಿತು. "ಬಿಡಿ ಸಾರ್, ಕಾಲೇಜಿನಲ್ಲಿದ್ದಾಗ ಓದಿ ಮುಗಿಸಿದೆ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವರ್ಷದ್ದು ಎಂದರೆ ನನಗೆ ಬೇರೆಯೇ ನೆನಪು. ಹಬ್ಬದ ದಿನ ಅಡುಗೆಯ ಅಕ್ಕ ನನ್ನನ್ನು ಅವರ ಮನೆಗೆ ಕರೆದುಕೊಂಡು ಹೋಗಿದ್ದರು ಸಾರ್. ಕೋಳಿ ಸಾರು, ಕಡುಬು ಮಾಡಿದ್ದರು. ರಾತ್ರಿ ಚಳಿ ಎಂದು ಅವರ ಮಗನ ಸ್ವೆಟರ್ ತೊಡಿಸಿ ಕಳುಹಿಸಿದರು. ವಾಪಸು ಕೊಡಲು ಹೋದರೆ ಇಟ್ಟುಕೋ ಎಂದರು" ಎಂದ.

ವಸತಿನಿಲಯದಲ್ಲಿ ಅಡುಗೆ ಮಾಡುತ್ತಿದ್ದ ಆ ಹೆಂಗಸು ನಮ್ಮ ಧರ್ಮಕೇಂದ್ರದವರಲ್ಲ. ಕ್ರಿಸ್ಮಸ್ ಅವರ ಹಬ್ಬವೂ ಆಗಿರಲಿಲ್ಲ. ಹಬ್ಬವಿದ್ದವರು ನಾವು, ಹಬ್ಬದ ದಿನ ಒಂದು ಮಗುವಿಗೆ ಮನೆಯಿಲ್ಲವೆಂದು ಕಂಡವರು ಆಕೆ. ಗಾಯಗೊಂಡವನನ್ನು ದಾಟಿ ಹೋದ ಯಾಜಕ ಮತ್ತು ಲೇವಿಯರ ಸಾಮತಿಯನ್ನು ನಾನು ಎಷ್ಟು ಬಾರಿ ಮಕ್ಕಳಿಗೆ ಬೋಧಿಸಿದ್ದೇನೋ! ಎರಡು ಫರ್ಲಾಂಗು ದೂರದ ಮನೆಗೆ ನಡೆದು ಹೋದ ಆ ರಾತ್ರಿ ನಾನು ಯಾರಾಗಿದ್ದೆನೆಂದು ಅಂದು ದೇವಾಲಯದ ಕಟ್ಟೆಯ ಮೇಲೆ ಅರಿವಾಯಿತು. ಆಕೆಯನ್ನು ಹುಡುಕಿಕೊಂಡು ಹೋಗಿ ಕೈಮುಗಿಯೋಣವೆಂದರೆ, ಆ ವೇಳೆಗೆ ಆಕೆ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಈಗ ಸಕಲ ಮೃತರ ದಿನ ನನ್ನವರ ಹೆಸರುಗಳೊಂದಿಗೆ ಆಕೆಯ ಹೆಸರನ್ನೂ ಸೇರಿಸಿ ಒಂದು ಪರಲೋಕ ಮಂತ್ರ ಹೇಳುತ್ತೇನೆ.

ಅನಾಥರ ಕೂಗನ್ನು ತಾನೇ ಕೇಳುವೆನೆಂದು ದೇವರು ವಿಮೋಚನಾಕಾಂಡದಲ್ಲಿ ಎಚ್ಚರಿಸಿದ್ದಾರೆ. ಅನಾಥರನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡಿಕೊಳ್ಳುವುದೇ ನಿರ್ಮಲವಾದ ಧರ್ಮವೆಂದು ಸಂತ ಯಕೋಬರು (1:27) ಬರೆದರು. ಶಿಲುಬೆಯ ಮೇಲೆ ಪ್ರಾಣ ಬಿಡುವ ಗಳಿಗೆಯಲ್ಲೂ ಪ್ರಭು ತನ್ನ ತಾಯಿಗೊಬ್ಬ ಮಗನನ್ನೂ ಶಿಷ್ಯನಿಗೊಬ್ಬ ತಾಯಿಯನ್ನೂ ಕೊಟ್ಟು ಒಂದು ಮನೆಯನ್ನು ಕಟ್ಟಿದರು. ನಮ್ಮನ್ನು ಅನಾಥರನ್ನಾಗಿ ಬಿಡುವುದಿಲ್ಲವೆಂದು ಅವರು ಕೊಟ್ಟ ಮಾತು (ಯೊವಾನ್ನ 14:18) ಒಂದು ಮಗುವಿಗೆ ಮುಟ್ಟಬೇಕಾದರೆ ಹಲವು ಬಾರಿ ನಿಮ್ಮ ಮತ್ತು ನನ್ನ ಮನೆಯ ಬಾಗಿಲಿನಿಂದಲೇ ಮುಟ್ಟಬೇಕಾಗುತ್ತದೆ.

ಆದುದರಿಂದ, ಗೇಟಿನ ಬಳಿ ನನ್ನನ್ನು ತಡೆದ ತಾಯಿಯೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಮೊಮ್ಮಗ ಓದಲಿ. ಆದರೆ ಒಬ್ಬನೇ ಓದದಿರಲಿ. ಊಟಕ್ಕೆ ಏಳದಿದ್ದರೆ ನೀವೇ ಒಂದು ತಟ್ಟೆ ಹಿಡಿದು ಅವನ ಬಳಿ ಕುಳಿತು, "ಎಲ್ಲಿಯವರೆಗೆ ಬಂದೆ, ನನಗೂ ಹೇಳು" ಎನ್ನಿ. ಕನ್ನಡಿಯ ಅಧ್ಯಾಯಕ್ಕೆ ಬಂದಾಗ, "ನಿನಗೆ ಅದರಲ್ಲಿ ಏನು ಕಾಣುತ್ತಿತ್ತು?" ಎಂದು ಕೇಳಿ. ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ. ಸ್ವೆಟರಿನ ಪ್ರಸಂಗ ಬಂದಾಗ, "ನಿನ್ನ ತರಗತಿಯಲ್ಲಿ ಈ ಸಲ ಹಬ್ಬಕ್ಕೆ ಮನೆಗೆ ಹೋಗದವರು ಯಾರಾದರೂ ಇದ್ದಾರೆಯೇ?" ಎಂದು ಕೇಳಿ.

ಮತ್ತು ಓದುಗರೇ, ನಿಮ್ಮಲ್ಲಿಯೂ ಒಂದು ಬೇಡಿಕೆ. ನಿಮ್ಮ ಧರ್ಮಕೇಂದ್ರದ ಸಮೀಪದಲ್ಲಿ ವಸತಿನಿಲಯವೋ ಮಕ್ಕಳ ಆಶ್ರಯವೋ ಇದ್ದರೆ, ಆಗಮನ ಕಾಲದ ಮೊದಲ ವಾರದಲ್ಲೇ ಅಲ್ಲಿನ ಹಿರಿಯರನ್ನು ಕಂಡು ವಿಚಾರಿಸಿ. ಅವರ ಅನುಮತಿ ಪಡೆದು, ರಜೆಯಲ್ಲಿ ಉಳಿಯುವ ಮಗುವೊಂದಿದ್ದರೆ ಹಬ್ಬದ ಊಟಕ್ಕೆ ಮನೆಗೆ ಕರೆತನ್ನಿ. ಕರೆತರಲು ಆಗದಿದ್ದರೆ ನೀವೇ ಅಲ್ಲಿಗೆ ಹೋಗಿ, ಜೊತೆಯಲ್ಲಿ ಕುಳಿತು ಊಟ ಮಾಡಿ. ನಮ್ಮ ಮನೆಯಲ್ಲಿ ನನ್ನ ಹೆಂಡತಿ ಪ್ರತಿ ವರ್ಷ ಅಕ್ಟೋಬರಿನಲ್ಲೇ ಉಣ್ಣೆ ತರಿಸುತ್ತಾಳೆ. ಕಳೆದ ವರ್ಷ ಎರಡು ಸ್ವೆಟರ್ ಮುಗಿದಿದ್ದವು. ಈ ವರ್ಷ ಮೂರನೆಯದನ್ನು ಹಿಡಿದಿದ್ದಾಳೆ. ತೋಳು ಒಂದು ಬಾಕಿ ಇದೆ.